ಮಂಡಿ ಇಂಪ್ಲಾಂಟ್‌ನ ‘ಸರ್ವೈವರ್‌ಶಿಪ್’ ಅಂದರೇನು?

ಮಂಡಿ ಕೀಲು ಬದಲಿಸಬೇಕು ಎಂದು ಡಾಕ್ಟರ್ ಹೇಳಿದ ಕೂಡಲೇ ಮನೆಯವರು ಕೇಳುತ್ತಾರೆ: ‘ಎಷ್ಟು ವರ್ಷ ಬಾಳಿಕೆ ಬರುತ್ತೆ ಸಾರ್?’ ಇದಕ್ಕೆ ವೈದ್ಯರ ಹತ್ತಿರ ಇರುವ ಅಳತೆಯೇ ಇಂಪ್ಲಾಂಟ್ (ಒಳಗೆ ಕೂರಿಸುವ ಕೃತಕ ಕೀಲು) ಸರ್ವೈವರ್‌ಶಿಪ್. ನೂರು ಮಂಡಿಗೆ ಆಪರೇಷನ್ ಆದರೆ, ಇಷ್ಟು ವರ್ಷ ಕಳೆದ ಮೇಲೂ ಎಷ್ಟು ಮಂಡಿಗೆ ಮರು ಆಪರೇಷನ್ ಆಗಿಲ್ಲ ಎಂಬ ಲೆಕ್ಕ ಅದು. ಮತ್ತೆ ಬಿಚ್ಚಿ ಇಂಪ್ಲಾಂಟ್‌ ಬದಲಿಸುವುದಕ್ಕೆ ರಿವಿಷನ್ ಎನ್ನುತ್ತಾರೆ.

2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಆಸ್ಟ್ರೇಲಿಯಾ, ಫಿನ್ಲೆಂಡ್‌ಗಳ ರಿಜಿಸ್ಟ್ರಿ (ಇಂಥ ಆಪರೇಷನ್ನುಗಳ ರಾಷ್ಟ್ರೀಯ ದಾಖಲಾತಿ) ದಾಖಲೆಗಳನ್ನು ಒಟ್ಟು ಹಾಕಿ ನೋಡಿತು. ಪೂರ್ತಿ ಬದಲಿಸಿದ ಮಂಡಿಗಳಲ್ಲಿ ಸುಮಾರು 82% 25 ವರ್ಷ ಉಳಿದಿದ್ದವು. ಮಂಡಿಯೊಳಗಿನ ಒಂದು ಬದಿಯನ್ನಷ್ಟೇ ಬದಲಿಸಿದವುಗಳಲ್ಲಿ ಸುಮಾರು 70%.

ಹಾಗಾದರೆ ಹಾಳಾಗುವುದು ಏನು? ಲೋಹ ಮುರಿಯುವುದು ಅಪರೂಪ. ಸವೆಯುವುದು ತೊಡೆಮೂಳೆಯ ಲೋಹಕ್ಕೂ ಕೆಳಗಿನ ತಟ್ಟೆಗೂ ನಡುವೆ ಇರುವ ಪಾಲಿಎಥಿಲೀನ್ ಪ್ಲಾಸ್ಟಿಕ್. ವರ್ಷಗಟ್ಟಲೆ ನಡೆದಂತೆ ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಉದುರುತ್ತದೆ. ಮೈಯೊಳಗಿನ ರಕ್ಷಣಾ ಕಣಗಳು ಆ ಪುಡಿಯನ್ನು ನುಂಗುತ್ತವೆ, ಆದರೆ ಕರಗಿಸಲಾರವು. ಅಲ್ಲಿ ಉರಿಯೂತ ಶುರುವಾಗಿ ಸುತ್ತಲಿನ ಮೂಳೆಯೇ ಕರಗುತ್ತಾ ಹೋಗುತ್ತದೆ. ಕೊನೆಗೆ ಇಂಪ್ಲಾಂಟ್ ಸಡಿಲವಾಗುತ್ತದೆ. ಎಷ್ಟೋ ಸಲ ನೋವು ಬರುವ ಮೊದಲೇ ಇದು ಎಕ್ಸ್‌ರೇಯಲ್ಲಿ ಕಾಣಿಸುತ್ತದೆ. ಹಾಗಾಗಿ ‘ಚೆನ್ನಾಗಿ ನಡೀತಿದ್ದೀನಲ್ವಾ’ ಎಂದು ಫಾಲೋಅಪ್ ಬಿಡಬಾರದು. ಸೋಂಕು ಇನ್ನೊಂದು ದೊಡ್ಡ ಕಾರಣ. ಅದು ಮೊದಲ ಕೆಲವು ವರ್ಷಗಳಲ್ಲೇ ಕಾಡುವುದು ಜಾಸ್ತಿ.

ಈ ಅಳತೆ ಹೇಳದ ಸಂಗತಿಯೂ ಇದೆ. ಮಂಡಿ ನೋಯುತ್ತಲೇ ಇದೆ, ಆದರೆ ಎರಡನೇ ಆಪರೇಷನ್ ತಡೆದುಕೊಳ್ಳುವ ಶಕ್ತಿ ಇಲ್ಲ ಎಂದು ರೋಗಿ ಸುಮ್ನಿದ್ದರೆ, ಲೆಕ್ಕದಲ್ಲಿ ಆ ಇಂಪ್ಲಾಂಟ್ ಉಳಿದಂತೆಯೇ. ಆದ್ದರಿಂದ 82% ಅಂದರೆ 82% ಜನರಿಗೆ ನೋವಿಲ್ಲ ಎಂದಲ್ಲ.

ವಯಸ್ಸು ಎಲ್ಲವನ್ನೂ ಬದಲಿಸುತ್ತದೆ. ಬ್ರಿಟನ್ನಿನ ದಾಖಲೆಗಳ ಪ್ರಕಾರ 70 ದಾಟಿದ ಮೇಲೆ ಆಪರೇಷನ್ ಮಾಡಿಸಿಕೊಂಡವರಿಗೆ ಜೀವಮಾನದಲ್ಲಿ ರಿವಿಷನ್ ಬೇಕಾಗುವ ಸಾಧ್ಯತೆ ಸುಮಾರು 5%. 50ರ ಆಸುಪಾಸಿನ ಗಂಡಸರಲ್ಲಿ ಅದು 35% ವರೆಗೆ ಏರುತ್ತದೆ. ಅವರು ಹೆಚ್ಚು ಓಡಾಡುತ್ತಾರೆ, ಮುಂದೆ ಬದುಕುವ ವರ್ಷಗಳೂ ಹೆಚ್ಚು. ‘ನಮ್ಮ ಇಂಪ್ಲಾಂಟ್ 30 ವರ್ಷ ಬರುತ್ತೆ’ ಎಂದು ಯಾರಾದರೂ ಅಂದರೆ, ಅದು ಮೆಷಿನ್‌ನಲ್ಲಿ ಸವೆಸಿ ನೋಡಿದ ಲೆಕ್ಕವೋ, ಜನರ ಕಾಲಲ್ಲಿ ಕಂಡ ಲೆಕ್ಕವೋ ಎಂದು ಕೇಳಿ. ಇಂಪ್ಲಾಂಟ್ ಡಬ್ಬಿಯ ಜೊತೆ ಮಾಡೆಲ್, ಲಾಟ್ ನಂಬರ್ (ಯಾವ ಕಂತಿನಲ್ಲಿ ತಯಾರಾದದ್ದು ಎಂಬ ಗುರುತು) ಇರುವ ಸ್ಟಿಕ್ಕರ್ ಬರುತ್ತದೆ. ಡಿಸ್ಚಾರ್ಜ್ ಆಗುವಾಗ ಅದರ ಪ್ರತಿ ಕೇಳಿ ಇಸ್ಕೊಳ್ಳಿ. ಮುಂದೆ ರಿವಿಷನ್ ಮಾಡುವ ಸರ್ಜನ್‌ಗೆ ಒಳಗೆ ಏನಿದೆ ಎಂದು ತಿಳಿಯಲು ಅದು ಬೇಕೇ ಬೇಕು.