ಫಾರ್ಮ್ 4868: ರಿಟರ್ನ್‌ಗೆ ಆರು ತಿಂಗಳು, ತೆರಿಗೆ ದುಡ್ಡಿಗೆ ಒಂದು ದಿನವೂ ಇಲ್ಲ

ಅಮೆರಿಕದಲ್ಲಿ ದುಡಿಯುವ ನಮ್ಮವರ ರಿಟರ್ನ್ ಏಪ್ರಿಲ್ 15ರೊಳಗೆ ಮುಗಿಯದಿರುವುದಕ್ಕೆ ಎಷ್ಟೋ ಸಲ ಊರಿನ ಬ್ಯಾಂಕಿನ ಎಫ್‌ಡಿಯೇ ಕಾರಣ. ಅಲ್ಲಿಯ ಬಡ್ಡಿ ಸರ್ಟಿಫಿಕೇಟು ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಇಲ್ಲಿ ಬೇಕಾದದ್ದು ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ. ಎರಡು ವರ್ಷದ ಸ್ಟೇಟ್‌ಮೆಂಟ್ ಹರಡಿಕೊಂಡು ಕೂಡಿ ಕಳೆಯುವಷ್ಟರಲ್ಲಿ ಗಡುವು ಬಂದಿರುತ್ತದೆ. ಸಮಯ ವಿಸ್ತರಣೆಯ ಅರ್ಜಿಯಾದ ಫಾರ್ಮ್ 4868 ಹಾಕಿದರೆ ರಿಟರ್ನ್ ಸಲ್ಲಿಸಲು ಅಕ್ಟೋಬರ್ 15ರವರೆಗೆ ಸಮಯ ಸಿಗುತ್ತದೆ. ಕಾರಣ ಕೊಡಬೇಕಿಲ್ಲ. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಒಪ್ಪಿಗೆ ಪತ್ರವೂ ಬರುವುದಿಲ್ಲ, ತಿರಸ್ಕರಿಸಿದರೆ ಮಾತ್ರ ತಿಳಿಸುತ್ತಾರೆ.

ಹೆಸರು, ವಿಳಾಸ, ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ) ತುಂಬುವುದು ಸುಲಭ. ಎಡವುವುದು 4ನೇ ಸಾಲಿನಲ್ಲಿ. ಅಲ್ಲಿ ಬರೆಯಬೇಕಾದದ್ದು ಇನ್ನೂ ಕಟ್ಟಬೇಕಾದ ಬಾಕಿಯಲ್ಲ, ಇಡೀ ವರ್ಷದ ಒಟ್ಟು ತೆರಿಗೆಯ ಅಂದಾಜು. ಮುಖ್ಯ ರಿಟರ್ನ್ ಆದ ಫಾರ್ಮ್ 1040ರ 24ನೇ ಸಾಲಿನಲ್ಲಿ ಬರುವ ಮೊತ್ತ ಅದು. ಸಂಬಳದಲ್ಲಿ ಈಗಾಗಲೇ ಹಿಡಿದದ್ದು 5ನೇ ಸಾಲಿಗೆ. ಕಂಪನಿ ಕೊಡುವ ವರ್ಷದ ಸಂಬಳ ಪತ್ರ ಡಬ್ಲ್ಯೂ-2ರ 2ನೇ ಬಾಕ್ಸ್ ನೋಡಿ. ತ್ರೈಮಾಸಿಕ ಮುಂಗಡ ಕಟ್ಟಿದ್ದರೆ ಅದನ್ನೂ ಸೇರಿಸಿ. 4ರಿಂದ 5ನ್ನು ಕಳೆದರೆ 6ನೇ ಸಾಲಿನ ಬಾಕಿ. ಈಗ ಕಟ್ಟುತ್ತಿರುವ ದುಡ್ಡು 7ನೇ ಸಾಲಿಗೆ. 4ರಲ್ಲೇ ಬಾಕಿ ಬರೆದುಬಿಟ್ಟರೆ ಸಂಬಳದಲ್ಲಿ ಹಿಡಿದದ್ದು ಎರಡು ಸಲ ಕಳೆದಂತಾಗಿ 6ನೇ ಸಾಲು ಸೊನ್ನೆಯಾಗುತ್ತದೆ. ಕಟ್ಟಬೇಕಾದದ್ದು ಏನೂ ಇಲ್ಲ ಎಂಬ ಭ್ರಮೆ ಹುಟ್ಟುವುದು ಅಲ್ಲಿಂದಲೇ. ಅಂದಾಜು ಹೆಚ್ಚುಕಮ್ಮಿ ಆದರೆ ತೊಂದರೆಯಿಲ್ಲ. ಆದರೆ ಕೈಯಲ್ಲಿರುವ ಕಾಗದ ನೋಡದೆ ಸೊನ್ನೆ ಬರೆದರೆ, ಅಂದಾಜು ಸಮಂಜಸವಲ್ಲ ಎಂದು ಆಮೇಲೆ ಐಆರ್‌ಎಸ್ ಇಡೀ ವಿಸ್ತರಣೆಯನ್ನೇ ರದ್ದು ಮಾಡಬಹುದು.

ಒಂದು ಲೆಕ್ಕ ಮಾಡೋಣ. ಒಟ್ಟು ತೆರಿಗೆ 14,000 ಡಾಲರ್, ಸಂಬಳದಲ್ಲಿ ಹಿಡಿದದ್ದು 12,400, ಬಾಕಿ 1,600. ಏಪ್ರಿಲ್‌ನಲ್ಲಿ ಏನೂ ಕಟ್ಟದೆ, ರಿಟರ್ನನ್ನೂ ದುಡ್ಡನ್ನೂ ಅಕ್ಟೋಬರ್ 15ಕ್ಕೆ ಕೊಟ್ಟರು ಅನ್ನಿ.

4868 ಹಾಕಿದ್ದರೆ: ತಡ ಪಾವತಿ ದಂಡ ತಿಂಗಳಿಗೆ ಶೇ. 0.5. ಆರು ತಿಂಗಳಿಗೆ 48 ಡಾಲರ್.
ಹಾಕದಿದ್ದರೆ: ಆ 48ರ ಮೇಲೆ ತಡ ಸಲ್ಲಿಕೆ ದಂಡ. ಅದು ತಿಂಗಳಿಗೆ ಶೇ. 5, ಎರಡೂ ಬೀಳುವ ತಿಂಗಳಲ್ಲಿ ಶೇ. 4.5 ಆಗಿ, ಐದು ತಿಂಗಳಿಗೆ ನಿಲ್ಲುತ್ತದೆ. 1,600ಕ್ಕೆ ಹೀಗೆ 360 ಡಾಲರ್ ಬಂದರೂ, ಗಡುವು 60 ದಿನಕ್ಕಿಂತ ಹೆಚ್ಚು ದಾಟಿದ್ದರಿಂದ ಕನಿಷ್ಠ ದಂಡ ಬೀಳುತ್ತದೆ; 2026ರಲ್ಲಿ ಸಲ್ಲಿಸಬೇಕಾದ ರಿಟರ್ನ್‌ಗೆ ಅದು 525 ಡಾಲರ್. ಒಟ್ಟು 573.

ಬಡ್ಡಿ ಎರಡಕ್ಕೂ ಬೇರೆ. ದಂಡಕ್ಕೆ ತಿಂಗಳ ಒಂದು ದಿನ ದಾಟಿದರೂ ಪೂರ್ತಿ ತಿಂಗಳ ಲೆಕ್ಕ.

ಆ 48ನ್ನೂ ಉಳಿಸುವ ದಾರಿಯಿದೆ. ಒಟ್ಟು ತೆರಿಗೆಯ ಶೇ. 90 ಏಪ್ರಿಲ್ 15ರೊಳಗೆ ಸಂದಿದ್ದು, ಉಳಿದದ್ದನ್ನು ರಿಟರ್ನ್ ಜೊತೆಗೇ ಕಟ್ಟಿದರೆ ತಡ ಪಾವತಿ ದಂಡ ಬೀಳುವುದಿಲ್ಲ. 14,000ದ ಶೇ. 90 ಅಂದರೆ 12,600. 12,400 ಆಗಲೇ ಹಿಡಿದಾಗಿದೆ. ಬರೀ 200 ಡಾಲರ್ ಕಟ್ಟಿದರೆ ಸಾಕು! ಮಿಕ್ಕ 1,400ಕ್ಕೆ ಬಡ್ಡಿ ಮಾತ್ರ. ಆದರೆ ಈ ಶೇ. 90 ನೋಡುವುದು ಅಂದಾಜಿನ ಮೇಲಲ್ಲ, ಕೊನೆಗೆ ರಿಟರ್ನ್‌ನಲ್ಲಿ ಬರುವ ತೆರಿಗೆಯ ಮೇಲೆ. ಎಫ್‌ಡಿ ಬಡ್ಡಿ ಸೇರಿ ತೆರಿಗೆ 15,000 ಆಯಿತೆಂದರೆ 13,500 ಬೇಕಿತ್ತು, 200 ಸಾಲದು. ಹಾಗಾಗಿ ಸ್ವಲ್ಪ ಧಾರಾಳವಾಗಿಯೇ ಕಟ್ಟುವುದು ಒಳ್ಳೆಯದು; ಹೆಚ್ಚಾದದ್ದು ರೀಫಂಡ್ ಆಗಿ ಮರಳುತ್ತದೆ.

ಆನ್‌ಲೈನ್ ಪಾವತಿಯ ತಾಣವಾದ ಐಆರ್‌ಎಸ್ ಡೈರೆಕ್ಟ್ ಪೇನಲ್ಲಿ ಕಾರಣ 'ಎಕ್ಸ್‌ಟೆನ್ಷನ್' ಎಂದು ಆರಿಸಿ ಕಟ್ಟಿದರೆ 4868 ಪ್ರತ್ಯೇಕವಾಗಿ ಬೇಕಿಲ್ಲ. ಅಲ್ಲಿ ವರ್ಷವನ್ನು ಎರಡು ಕಡೆ ಕೇಳುತ್ತದೆ. ಒಂದು, ದುಡ್ಡು ಯಾವ ವರ್ಷಕ್ಕೆ ಎಂದು: 2026ರ ಏಪ್ರಿಲ್‌ನಲ್ಲಿ ಕಟ್ಟುವವರಿಗೆ ಅದು 2025. ಇನ್ನೊಂದು ಗುರುತಿನ ಪರಿಶೀಲನೆಗೆ, ಅದು ಹಿಂದೆ ರಿಟರ್ನ್ ಸಲ್ಲಿಸಿದ ಯಾವುದಾದರೂ ವರ್ಷ. ಹಿಂದೆ ಸಲ್ಲಿಸಿಯೇ ಇಲ್ಲದ ಹೊಸಬರು ಈ ಪರಿಶೀಲನೆ ದಾಟಲಾರರು; ಅವರು ಫಾರ್ಮನ್ನೇ ತುಂಬಿ ಚೆಕ್ ಇಟ್ಟು ಅಂಚೆಗೆ ಹಾಕಬಹುದು. ದೃಢೀಕರಣ ಸಂಖ್ಯೆ ಜೋಪಾನ.

ಐಆರ್‌ಎ (ನಿವೃತ್ತಿ ಉಳಿತಾಯ ಖಾತೆ) ವಂತಿಗೆಯ ಕೊನೆಯ ದಿನ ಮುಂದಕ್ಕೆ ಹೋಗುವುದಿಲ್ಲ, ಅದು ಏಪ್ರಿಲ್ 15ಕ್ಕೇ. ಊರಿನ ಖಾತೆಗಳ ವಿವರ ಕೊಡುವ ಎಫ್‌ಬಾರ್ ವರದಿಗೆ ಮಾತ್ರ ಕೇಳದೆಯೇ ಅಕ್ಟೋಬರ್ 15ರವರೆಗೆ ಸಮಯವಿದೆ. ರಾಜ್ಯದ ತೆರಿಗೆಗೆ ನಿಯಮ ಬೇರೆ ಬೇರೆ: ಕ್ಯಾಲಿಫೋರ್ನಿಯಾ ಅರ್ಜಿಯಿಲ್ಲದೆ ಆರು ತಿಂಗಳು ಕೊಡುತ್ತದೆ, ನ್ಯೂಯಾರ್ಕ್‌ಗೆ ಐಟಿ-370 ಹಾಕಬೇಕು.

ಅಕ್ಟೋಬರ್‌ನಲ್ಲಿ ರಿಟರ್ನ್ ತುಂಬುವಾಗ ಏಪ್ರಿಲ್‌ನಲ್ಲಿ ವಿಸ್ತರಣೆಯ ಜೊತೆ ಕಟ್ಟಿದ ದುಡ್ಡನ್ನು 1040ರ ಜೊತೆಗಿನ ಶೆಡ್ಯೂಲ್ 3ರ 10ನೇ ಸಾಲಿನಲ್ಲಿ ತೋರಿಸಿ. ಅದು ಡಬ್ಲ್ಯೂ-2ರಲ್ಲಿ ಇರುವುದಿಲ್ಲ, ಸಾಫ್ಟ್‌ವೇರ್ ತಾನಾಗಿ ತರುತ್ತದೆಂದು ನಂಬಬೇಡಿ.