ಡ್ರಿಫ್ಟರ್ಸ್ ಹಾಡುಗಳಲ್ಲಿ ದನಿ ಯಾಕೆ ಬದಲಾಗುತ್ತಲೇ ಇರುತ್ತದೆ?

ಪ್ರಶ್ನೆ: ಅಮೆರಿಕದ ಗಾಯಕರ ಗುಂಪು ಡ್ರಿಫ್ಟರ್ಸ್‌ನ ಹಾಡುಗಳನ್ನು ಒಂದರ ಹಿಂದೊಂದು ಕೇಳಿದೆ. ಮುಖ್ಯ ಗಾಯಕ ಒಬ್ಬನೇ ಅನಿಸಲಿಲ್ಲ. ಇದು ಒಂದೇ ಗುಂಪೇ?

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಹೆಸರು ಒಂದು, ಹಾಡಿದವರು ಹಲವರು.

1953ರಲ್ಲಿ ಧ್ವನಿಮುದ್ರಣ ಕಂಪನಿ ಅಟ್ಲಾಂಟಿಕ್ ರೆಕಾರ್ಡ್ಸ್‌ಗಾಗಿ ಗುಂಪು ಕಟ್ಟಿದವರು ಕ್ಲೈಡ್ ಮೆಕ್‌ಫ್ಯಾಟರ್. ‘ಮನಿ ಹನಿ’ಯ ಎತ್ತರದ ದನಿ ಅವರದು. ಮರುವರ್ಷ ಸೈನ್ಯದಿಂದ ಕರೆ ಬಂತು. ಆಮೇಲೆ ಗುಂಪಿನಲ್ಲಿದ್ದ ತಮ್ಮ ಪಾಲನ್ನು ಅವರು ಮಾರಿಬಿಟ್ಟರು, ಹೆಸರು ಮ್ಯಾನೇಜರ್ ಜಾರ್ಜ್ ಟ್ರೆಡ್‌ವೆಲ್ ಕೈಸೇರಿತು. ಎಲ್ಲದರ ಬೇರು ಇಲ್ಲಿದೆ: ಅಲ್ಲಿಂದ ಹಾಡುಗಾರರು ಸಂಬಳಕ್ಕೆ ದುಡಿಯುವವರಾದರು. ಹೆಚ್ಚು ಸಂಬಳ ಕೇಳಿದವರು ಹೊರಗೆ. ಇದು ಅನ್ಯಾಯವೇ.

1958ರಲ್ಲಿ ಟ್ರೆಡ್‌ವೆಲ್ ಇಡೀ ಗುಂಪನ್ನೇ ಕಳಿಸಿದರು. ಆದರೆ ನ್ಯೂಯಾರ್ಕಿನ ಹಾರ್ಲೆಮ್‌ನ ಅಪೊಲೊ ಥಿಯೇಟರಿನಲ್ಲಿ ಹಾಡುವುದಾಗಿ ಕೊಟ್ಟ ಮಾತು ಬಾಕಿಯಿತ್ತು. ಹಾಗಾಗಿ ಫೈವ್ ಕ್ರೌನ್ಸ್ ಎಂಬ ಬೇರೆ ಗುಂಪಿಗೆ ಅದೇ ಹೆಸರಿಟ್ಟರು. ಅದರಲ್ಲಿದ್ದವರು ಬೆನ್ ಇ. ಕಿಂಗ್. ಅವರು ಹಾಡಿದ 1959ರ ‘ದೇರ್ ಗೋಸ್ ಮೈ ಬೇಬಿ’ಯನ್ನು ಹೆಡ್‌ಫೋನ್ ಹಾಕಿಯೇ ಕೇಳಿ. ನಿರ್ಮಾಪಕರಾದ ಲೀಬರ್ ಮತ್ತು ಸ್ಟೋಲರ್ ಪಿಟೀಲುಗಳನ್ನು ತಂದು ಬ್ರೆಜಿಲ್‌ನ ಬಾಯಾವ್ ಲಯದ ಮೇಲೆ ಕೂರಿಸಿದರು. ಹಿಂದೆ ಮೊಳಗುವ ಟಿಂಪನಿ ಎಂಬ ದೊಡ್ಡ ನಗಾರಿ ಒಂದೇ ಸ್ವರಕ್ಕೆ ಅಂಟಿಕೊಂಡಿದೆ; ಅದಕ್ಕೇ ಹಾಡು ಕೊಂಚ ಅಪಸ್ವರವೆನಿಸುತ್ತದೆ. ಅಟ್ಲಾಂಟಿಕ್‌ನ ಪಾಲುದಾರ ಜೆರ್ರಿ ವೆಕ್ಸ್ಲರ್‌ಗೆ ಇದು ಹಿಡಿಸಲೇ ಇಲ್ಲ. ಆದರೂ ಅಮೆರಿಕದ ಪಾಪ್ ಪಟ್ಟಿಯಲ್ಲಿ 2ನೇ ಸ್ಥಾನ ಹತ್ತಿತು.

ಸಂಬಳದ ಜಗಳದಲ್ಲಿ ಕಿಂಗ್ 1960ರಲ್ಲಿ ಹೊರನಡೆದರು. ಅವರೇ ಹಾಡಿದ್ದ ‘ಸೇವ್ ದ ಲಾಸ್ಟ್ ಡಾನ್ಸ್ ಫಾರ್ ಮಿ’ ಆ ವರ್ಷ 1ನೇ ಸ್ಥಾನಕ್ಕೇರುವಾಗ ಅವರು ಗುಂಪಿನಲ್ಲಿರಲಿಲ್ಲ. ‘ಅಪ್ ಆನ್ ದ ರೂಫ್’, ‘ಆನ್ ಬ್ರಾಡ್‌ವೇ’ ಹಾಡಿದ್ದು ಅವರ ಜಾಗಕ್ಕೆ ಬಂದ ರೂಡಿ ಲೂಯಿಸ್. 1964ರ ಮೇನಲ್ಲಿ, ‘ಅಂಡರ್ ದ ಬೋರ್ಡ್‌ವಾಕ್’ ಧ್ವನಿಮುದ್ರಣಕ್ಕೆ ಮುನ್ನ ಅವರು ಹಠಾತ್ತನೆ ತೀರಿಕೊಂಡರು. ಹಾಡಿದವರು ಜಾನಿ ಮೂರ್. ಆ ಹಾಡಿನಲ್ಲಿರುವ ಮಂಕು ನನಗೆ ಆ ಸಾವನ್ನು ನೆನಪಿಸದೆ ಬಿಡುವುದಿಲ್ಲ. 1970ರ ದಶಕದಲ್ಲಿ ಬ್ರಿಟನ್‌ನಲ್ಲಿ ಹೆಸರು ಉಳಿಸಿದವರೂ ಮೂರ್ ಅವರೇ.

ದನಿ ಗುರುತಿಸಲು ಹಾಡು ಬಿಡುಗಡೆಯಾದ ವರ್ಷ ಸಾಲದು, ಧ್ವನಿಮುದ್ರಣದ ದಿನಾಂಕ ನೋಡಿ. ಅಗ್ಗದ ಸಂಕಲನಗಳಲ್ಲಿ ಮುಂದಿನ ತಂಡಗಳು ಮತ್ತೆ ಹಾಡಿದ್ದನ್ನು ಹಳೆಯದೆಂಬಂತೆ ಸೇರಿಸಿರುತ್ತಾರೆ. ಅಟ್ಲಾಂಟಿಕ್‌ನ ಮೂಲ ಮುದ್ರಣವೆಂದು ಬರೆದಿದ್ದರೆ ಮಾತ್ರ ಕೊಳ್ಳಿ.