ಬಣ್ಣ ಬೇಕು, ಅಲುಗಾಟ ಬೇಡ ಅಂದ್ರೆ ಹೇಗೆ?

ಕಳೆದ ತಿಂಗಳು ಕದ್ರಿ ಕಡೆಯ ಹುಡುಗನೊಬ್ಬ ಪ್ಲಾಸ್ಟಿಕ್ ಡಬ್ಬದಲ್ಲಿ ಹಾವು ತಂದ. ಜೊತೆಗೆ ಅವನ ಅಮ್ಮ. ಸ್ಪೈಡರ್ ಮಾರ್ಫ್ ಬಾಲ್ ಪೈಥಾನ್, ಅಂದರೆ ಆಫ್ರಿಕಾದ ಸಣ್ಣ ಹೆಬ್ಬಾವಿನಲ್ಲಿ ಬಣ್ಣಕ್ಕಾಗಿ ಬೆಳೆಸಿದ ಒಂದು ಬಗೆ. ಹಳದಿ ಮೈಮೇಲೆ ಜೇಡರ ಬಲೆಯಂತೆ ಸಪೂರ ಕಪ್ಪು ಗೆರೆ. ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ತಲೆ ಎತ್ತಿದ ಕೂಡಲೇ ಕುತ್ತಿಗೆ ಸ್ಕ್ರೂವಿನಂತೆ ತಿರುಚಿಕೊಳ್ಳುತ್ತಿತ್ತು. ಬೆನ್ನ ಮೇಲೆ ಮಲಗಿಸಿ ನೋಡಿದೆ. ಬೇರೆ ಹಾವಾದರೆ ತಕ್ಷಣ ಮಗುಚಿಕೊಳ್ಳುತ್ತದೆ. ಇದು ಹೊಟ್ಟೆ ಮೇಲೆ ಮಾಡಿಕೊಂಡು ಹಾಗೇ ಬಿದ್ದಿತ್ತು.

ಹುಡುಗ ವಿಟಮಿನ್ ಕೇಳಿದ. ಅಮ್ಮ ಮೆಲ್ಲಗೆ, "ನಾಗನಿಗೆ ಒಂದು ತಂಬಿಲ ಕೊಟ್ರೆ ಕಡಿಮೆ ಆಗ್ಬಹುದಾ ಡಾಕ್ಟ್ರೇ?" ಎಂದರು. ಕೊಡಿ ಅಮ್ಮ, ಬೇಡ ಅನ್ನಲಿಕ್ಕೆ ನಾನ್ಯಾರು. ಆದರೆ ಇದು ಆಫ್ರಿಕಾದ್ದು, ನಮ್ಮ ನಾಗಬನದ್ದಲ್ಲ.

ಇದರ ಅಲುಗಾಟ ಹುಟ್ಟಿನಿಂದಲೇ ಬಂದದ್ದು. ಹಾಗಂತ ಅಲುಗುವ ಹಾವೆಲ್ಲ ಇದೇ ಕೇಸು ಅಂತಲ್ಲ. ವೈರಸ್ಸಿನಿಂದಲೂ ಹೀಗಾಗಬಹುದು, ಹೀಟರ್ ಬಿಸಿ ಜಾಸ್ತಿಯಾದರೂ, ಮೈಮೇಲಿನ ಉಣ್ಣಿ ಹುಳಕ್ಕೆ ಹೊಡೆದ ಔಷಧಿಯಿಂದಲೂ. ಅದಕ್ಕೇ ವಿಡಿಯೋ ಕಳಿಸಿ "ಏನು ಮದ್ದು?" ಅಂದರೆ ನಾನು ಹೇಳುವುದಿಲ್ಲ. ಹಾವನ್ನು ತನ್ನಿ.

ಹಾವು ಸಾಕುವವರು ಹೇಳುವುದರಲ್ಲಿ ನನ್ನ ತಲೆ ಕೆಡಿಸುವ ಮಾತು ಇನ್ನೊಂದು. "ಇದಕ್ಕೆ ಅಲುಗಾಟ ಸ್ವಲ್ಪವೇ ಅಲ್ವಾ ಡಾಕ್ಟ್ರೇ, ಒಳ್ಳೆ ಹೆಣ್ಣಿಗೆ ಜೋಡಿ ಮಾಡಿದ್ರೆ ಮರಿಗಳಲ್ಲಿ ಹೋಗ್ತದೆ."

ಹೋಗುವುದಿಲ್ಲ ಮಾರಾಯ್ರೆ. ಬಣ್ಣ ಒಂದು ಕಡೆಯಿಂದ, ಅಲುಗಾಟ ಇನ್ನೊಂದು ಕಡೆಯಿಂದ ಬಂದದ್ದಲ್ಲ. ಆ ಗೆರೆ ಬಿಡಿಸುವ ಜೀನ್ ಜೊತೆಗೇ ಒಳಗಿವಿಯೂ ಕೆಡುತ್ತದೆ. 2022ರಲ್ಲಿ ಇಂಥ ಹಾವುಗಳ ತಲೆಯನ್ನು ಸ್ಕ್ಯಾನ್ ಮಾಡಿ ನೋಡಿದವರಿಗೆ ಸಿಕ್ಕಿದ್ದೂ ಇದೇ: ಮೈಯ ಸಮತೋಲ ತಪ್ಪದಂತೆ ನೋಡಿಕೊಳ್ಳುವ ಒಳಗಿವಿಯ ನಳಿಗೆಗಳು ಹುಟ್ಟಿನಿಂದಲೇ ಸೊಟ್ಟ. ಬಣ್ಣಕ್ಕೂ ಕಿವಿಗೂ ಏನು ಸಂಬಂಧ ಅಂತ ಕೇಳ್ತೀರಿ. ಡಾಲ್ಮೇಷಿಯನ್ ನಾಯಿಗಳಲ್ಲಿ ಕಿವುಡು ಜಾಸ್ತಿ ಅಂತ ಕೇಳಿದ್ದೀರಲ್ಲ? ಅಲ್ಲೂ ಬಣ್ಣ ಕೊಡುವ ಜೀವಕೋಶಗಳಿಗೂ ಕಿವಿಗೂ ನಂಟು.

ಮಾಮೂಲಿ ಹೆಣ್ಣಿಗೆ ಜೋಡಿ ಮಾಡಿದರೆ ಸರಾಸರಿ ಅರ್ಧ ಮರಿಗಳಿಗೆ ಗೆರೆ ಬರುತ್ತದೆ. ಗೆರೆ ಬಂದದ್ದಕ್ಕೆಲ್ಲ ಕಿವಿಯ ತೊಂದರೆಯೂ ಉಂಟು, ಒಂದರಲ್ಲಿ ಕಣ್ಣಿಗೆ ಕಾಣದಷ್ಟು, ಇನ್ನೊಂದರಲ್ಲಿ ಇಲಿ ಹಿಡಿಯಲಿಕ್ಕೂ ಆಗದಷ್ಟು. ಅಪ್ಪನಿಗೆ ಕಡಿಮೆ ಇದ್ದರೆ ಮಗನಿಗೂ ಕಡಿಮೆ ಅಂತಿಲ್ಲ. ಗೆರೆ ಇಲ್ಲದ ಮರಿ ಸರಿಯಾಗೇ ಇರುತ್ತದೆ, ಆದರೆ ಅದು ಬರೀ ಮಾಮೂಲಿ ಹಾವು. ನಿಮಗೆ ಅದು ಬೇಡ ತಾನೆ?

ಮದ್ದಿಲ್ಲ. ಇದ್ದ ಹಾವನ್ನು ಚೆನ್ನಾಗಿ ನೋಡಿಕೊಳ್ಳಬಹುದು: ಎತ್ತರದ ಕೊಂಬೆ ಬೇಡ, ಸುಮ್ನೆ ಸುಮ್ನೆ ಕೈಗೆತ್ತಿಕೊಳ್ಳುವುದು ಬೇಡ, ಸತ್ತ ಇಲಿಯನ್ನು ಚಿಮುಟದಲ್ಲಿ ಬಾಯಿ ಹತ್ತಿರ ಹಿಡಿಯಿರಿ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ, ಮರಿಯಾದರೂ ತಿಳಿಸಬೇಕು. ನಮ್ಮ ಗುಡ್ಡೆಯ ಹೆಬ್ಬಾವನ್ನಂತೂ ಸಾಕುವ ಹಾಗೇ ಇಲ್ಲ.

ಇಷ್ಟೆಲ್ಲ ಹೇಳಿ ಮುಗಿಸುವಾಗ ಗಂಟಲು ಒಣಗಿತ್ತು. ಹುಡುಗ ಡಬ್ಬದ ಮುಚ್ಚಳ ಹಾಕಿದ. ಬಾಗಿಲ ತನಕ ಹೋಗಿ ತಿರುಗಿದ.

"ಹಾಗಾದ್ರೆ ಶಾಂಪೇನ್ ಮಾರ್ಫ್ ತರ್ಲಾ ಡಾಕ್ಟ್ರೇ?"

ಅದೂ ಅಲುಗುತ್ತದೆ. ಕೂತ್ಕೊಳ್ಳಪ್ಪಾ ಅಂದೆ.